ಕಾಸು ಪಡೆಯದೆ ಕೊಟ್ಟ ಗಡಿಯಾರ

"ಇದು ನಮ್ಮೂರಿನದು, ಅತ್ತೆ," ಎಂದು ಉಲ್ಯಾನಾ ಚರ್ಚಿನ ಮ್ಯೂಸಿಯಂನಲ್ಲಿದ್ದ ಹಳೆಯ ಘಂಟೆಯ ಕಡೆಗೆ ಕೈ ಚಾಚಿದಳು.

"ನಿಮ್ಮೂರಿನದಾ?" ಹಿಂದಿನಿಂದ ಒಂದು ಗಂಡುದನಿ ಕೇಳಿಸಿತು. "ಮುನ್ನೂರು ವರ್ಷ ಇಟ್ಕೊಂಡಿದ್ದು ಸಾಲದು ಅಂತ ಮತ್ತೆ ಕೇಳೋಕೆ ಬಂದಿದೀರಾ?"

ಉಲ್ಯಾನಾ ತಿರುಗಿ ನೋಡಿದಳು. ಬಾಗಿಲಲ್ಲಿ ಉದ್ದನೆಯ ಯುವಕನೊಬ್ಬ ನಿಂತಿದ್ದ. ಬಲಗೈಯಲ್ಲಿ ಟವೆಲ್ಲು ಸುತ್ತಿದ ಸಾರಿನ ಪಾತ್ರೆ. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಕಟ್ಟಿಕೊಂಡ ಕೈಗಡಿಯಾರಗಳು. ಅವನ್ನೆಲ್ಲ ಯಾರದೋ ಮನೆಯಿಂದ ಕದ್ದು ನೇರವಾಗಿ ಇಲ್ಲಿಗೇ ಓಡಿ ಬಂದವನಂತೆ ಕಾಣುತ್ತಿದ್ದ.

"ನಾವೇನು ಕೇಳಿ ತರಿಸಿಕೊಂಡಿರಲಿಲ್ಲ," ಎಂದಳು ಅವಳು. "ಕಿವಿ ಕೊಯ್ದು, ನಾಲಗೆ ಕಿತ್ತು ಸೈಬೀರಿಯಾಕ್ಕೆ ಅಟ್ಟಿದವರು ನೀವು. ಅದಕ್ಕೊಂದು ಸೂರು ಕೊಟ್ಟವರು ನಾವು."

"ಅಟ್ಟಿದ್ದು ಮಾಸ್ಕೋದವರು. ಅದನ್ನ ನಮ್ಮ ತಲೆಗೆ ಕಟ್ಟಬೇಡಿ."

ವೋಲ್ಗಾ ದಂಡೆಯ ಊರಾದ ಉಗ್ಲಿಚ್‌ನಲ್ಲಿ ಈ ಜಗಳ ಹೊಸದಲ್ಲ. ಪುಟ್ಟ ರಾಜಕುಮಾರ ಸತ್ತ ದಿನ ಈ ಘಂಟೆ ಮೊಳಗಿ ಊರಿನಲ್ಲಿ ದಂಗೆ ಎಬ್ಬಿಸಿತು ಎಂಬುದು ಅದರ ಮೇಲಿದ್ದ ಆರೋಪ. ಮನುಷ್ಯರಿಗೆ ಕೊಡುವ ಶಿಕ್ಷೆಯನ್ನೇ ಅದಕ್ಕೂ ಕೊಟ್ಟು, ಗಡಿಪಾರು ಮಾಡಿ ಸೈಬೀರಿಯಾದ ತೊಬೋಲ್ಸ್ಕ್‌ಗೆ ಸಾಗಿಸಿದ್ದರು. ಮುನ್ನೂರು ವರ್ಷ ಕಳೆದ ಮೇಲೆ ಅದು ಮನೆಗೆ ಮರಳಿತು. ತೊಬೋಲ್ಸ್ಕ್‌ನ ಮಕ್ಕಳಿಗೆ ಶಾಲೆಯಲ್ಲಿ ಈ ಕಥೆಯನ್ನು ಒಂದು ಬಗೆಯಲ್ಲಿ ಹೇಳಿಕೊಡುತ್ತಾರೆ, ಉಗ್ಲಿಚ್‌ನ ಮಕ್ಕಳಿಗೆ ಇನ್ನೊಂದು ಬಗೆಯಲ್ಲಿ. ಎರಡೂ ಕಡೆಯವರು ಹೀಗೆ ಎದುರುಬದುರಾಗಿ ನಿಲ್ಲುವುದು ಮಾತ್ರ ಅಪರೂಪ.

"ಗ್ಲೇಬ್, ಸಾರು ಆರಿಹೋಗುತ್ತೆ. ಜಗಳ ಆಮೇಲೆ ಆಡು," ಮೂಲೆಯ ಕುರ್ಚಿಯಿಂದ ಮುದುಕಿಯೊಬ್ಬಳು ಗದರಿದಳು. ಅವಳು ಫಾಯಿನಾ. ಘಂಟೆಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು ಅವಳ ಕೆಲಸ, ಅವಳಿಗೆ ಮಧ್ಯಾಹ್ನದ ಊಟ ತಲುಪಿಸುವುದು ಮೊಮ್ಮಗನ ಕೆಲಸ.

"ಅಜ್ಜಿ, ಇವರು ತೊಬೋಲ್ಸ್ಕ್‌ನವರು."

ಫಾಯಿನಾ ಕನ್ನಡಕ ಸರಿಮಾಡಿಕೊಂಡು ಉಲ್ಯಾನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೌದಾ? ಹಾಗಾದ್ರೆ ಒಂದ್ಸಲ ಮುಟ್ಟಲಿ ಬಿಡು. ಹಳೇ ಪರಿಚಯ."

ಉಲ್ಯಾನಾ ಮುಟ್ಟಿದಳು. ಘಂಟೆ ತಣ್ಣಗಿತ್ತು. ಯಾಕೋ ಕಣ್ಣು ತೇವವಾದಂತಾಯಿತು. ಥೂ, ಒಂದು ಲೋಹದ ತುಂಡಿಗೆ ಅಳೋದಾ? ಎಂದು ತನ್ನನ್ನೇ ಬೈದುಕೊಂಡಳು.

ಆ ಉದ್ದನೆಯವನು ಅದನ್ನು ನೋಡಿಬಿಟ್ಟಿದ್ದ. ನೋಡಿಯೂ ನಗಲಿಲ್ಲ.

* * *

ಅವರು ಬಂದ ಪ್ರವಾಸಿ ಹಡಗು ಅಲ್ಲಿ ನಿಲ್ಲುವುದು ಮೂರೇ ಗಂಟೆ. ಉಲ್ಯಾನಾಳ ಸೋದರತ್ತೆ ರಿಮ್ಮಾ ಗುಂಪಿನ ಜೊತೆ ಚೀಸ್ ಕೊಳ್ಳಲು ಹೋದಳು. ವೋಲ್ಗಾದ ಈ ಪ್ರವಾಸಕ್ಕೆ ಟಿಕೆಟ್ ತೆಗೆದವಳು ಅವಳೇ. ತೊಬೋಲ್ಸ್ಕ್‌ನಲ್ಲಿ ಮೂಳೆ ಕೆತ್ತುವ ಕಾರ್ಯಾಗಾರದಲ್ಲಿ ಕೂತು ಕೂತು ಸೋದರಸೊಸೆಯ ಬೆನ್ನು ಬಾಗುತ್ತಿದೆ, ವಯಸ್ಸು ಇಪ್ಪತ್ತೆಂಟಾಯಿತು, ಲೋಕ ನೋಡಲಿ ಎಂಬುದು ಅವಳು ಕೊಟ್ಟ ಕಾರಣ. ಲೋಕ ಎಂದರೆ ಅಳಿಯ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

"ನಿಮಗೆ ಊರು ತೋರಿಸಲಾ?" ಗ್ಲೇಬ್ ಕೇಳಿದ. "ದುಡ್ಡು ಬೇಡ. ಜಗಳ ಮುಗಿದಿಲ್ಲವಲ್ಲ, ಅದಕ್ಕೆ."

"ಈ ವಾಚೆಲ್ಲ ಮಾರೋಕೆ ತಾನೇ? ನಿಮ್ಮ ಅಂಗಡಿ ಯಾರು ನೋಡ್ಕೋತಾರೆ?"

"ಪಕ್ಕದವಳು ನೋಡ್ಕೋತಾಳೆ. ಅವಳು ಒಂದನ್ನೂ ಮಾರಲ್ಲ, ಯಾವುದನ್ನೂ ಕಳ್ಕೊಳ್ಳೋದೂ ಇಲ್ಲ."

ಇಬ್ಬರೂ ನದಿಯ ದಂಡೆಯ ಮೇಲೆ ನಡೆದರು. ಲಿಂಡನ್ ಮರಗಳು ಹೂ ಬಿಟ್ಟಿದ್ದವು. ಕೋಸಿನ ಹೂರಣ ತುಂಬಿದ ಪಿರೊಷ್ಕಿ ಬನ್ನು ಕೊಂಡು ಕಟ್ಟೆಯ ಮೇಲೆ ಕೂತು ತಿಂದರು. ಉಲ್ಯಾನಾ ಎರಡು ತಿಂದಳು, ಅವನು ನಾಲ್ಕು.

"ನೀವು ಏನು ಕೆತ್ತುತ್ತೀರಿ?" ಅವನು ಕೇಳಿದ.

"ಹಿಮಸಾರಂಗ, ನಾಯಿ, ಮೀನುಗಾರ. ಜನ ಕೇಳೋದು ಅದನ್ನೇ. ಬೇಜಾರಾದಾಗ ನಮ್ಮ ಅತ್ತೆಯನ್ನ ಕೆತ್ತುತ್ತೀನಿ. ಅವಳಿಗೆ ಗೊತ್ತಿಲ್ಲ. ಕರಡಿ ಅಂತ ಮಾರಾಟವಾಗುತ್ತೆ."

ಗ್ಲೇಬ್ ಬಾಯಲ್ಲಿದ್ದ ಪಿರೊಷ್ಕಿ ನೆತ್ತಿಗೇರುವಷ್ಟು ನಕ್ಕ. ಅವನ ನಗು ನೋಡಿ ಅವಳಿಗೂ ನಗು ಬಂತು. ಒಬ್ಬ ಗಂಡಸಿನ ಪಕ್ಕ ಕೂತು ಹೀಗೆ ನಕ್ಕು ಎಷ್ಟು ಕಾಲವಾಯಿತೆಂದು ಅವಳಿಗೆ ನೆನಪಾಗಲಿಲ್ಲ.

ಕೊನೆಗೆ ಅವನ ಅಂಗಡಿಗೆ ಬಂದರು. ಹಡಗು ನಿಲ್ಲುವ ದಕ್ಕೆಗೆ ಹೋಗುವ ದಾರಿಯಲ್ಲಿ ಸಾಲು ಮೇಜುಗಳು, ಅವುಗಳಲ್ಲಿ ಒಂದು ಅವನದು. ಊರಿನ ಕಾರ್ಖಾನೆಯಲ್ಲಿ ಹಿಂದೆ ತಯಾರಾದ ಕೈಗಡಿಯಾರಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡಿ ಮಾರುತ್ತಿದ್ದ. ಅವನ ತಾತ ಅದೇ ಕಾರ್ಖಾನೆಯಲ್ಲಿ ದುಡಿದವನು.

"ಈಗ ಗಂಟೆ ಎಷ್ಟು?" ಎಂದು ಉಲ್ಯಾನಾ ಮೇಜಿನ ಮೇಲೆ ಕಣ್ಣು ಹಾಯಿಸಿದಳು. ಒಂದರಲ್ಲಿ ಎರಡು. ಒಂದರಲ್ಲಿ ಐದೂವರೆ. ಇನ್ನೊಂದರಲ್ಲಿ ಹನ್ನೊಂದು. "ಇದೇನ್ರೀ, ಇಷ್ಟು ಗಡಿಯಾರ ಇಟ್ಕೊಂಡು ಒಂದೂ ಸರಿ ಇಲ್ವಾ?"

"ಮಾರೋ ವಾಚಿಗೆ ಸಮಯ ಯಾಕೆ?"

ಆಗ ದಕ್ಕೆಯ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ಉದ್ದನೆಯದು, ಸಿಟ್ಟಿನದು.

"ನನ್ನದೇ!" ಉಲ್ಯಾನಾ ಚೀಲ ಎಳೆದುಕೊಂಡಳು.

ಗ್ಲೇಬ್ ಎಡಗೈಯಿಂದ ಒಂದು ಗಡಿಯಾರ ಬಿಚ್ಚಿದ. ಚಿಕ್ಕದು, ಬಿಳಿಯ ಮುಖದ್ದು, ಸವೆದ ಕಂದು ಪಟ್ಟಿಯದು. ಅವಳ ಮಣಿಕಟ್ಟಿಗೆ ಕಟ್ಟಿದ. ಬೆರಳುಗಳು ಗಡಿಯಾರದವನ ಬೆರಳುಗಳು, ಒಂದೇ ಸಲಕ್ಕೆ ಕೊಂಡಿ ಹಾಕಿದವು.

"ಇದು ಸರಿ ಇದೆ. ಇನ್ನೂ ಸಮಯ ಇದೆ, ಆದ್ರೆ ಓಡಿ."

ಉಲ್ಯಾನಾ ಪರ್ಸ್ ತೆರೆದು ಒಂದು ನಾಣ್ಯ ತೆಗೆದಳು. "ಇದನ್ನ ತಗೊಳ್ಳಿ. ಸುಮ್ಮನೆ, ಪದ್ಧತಿಗೆ..."

ಅವನು ಅವಳ ಮುಷ್ಟಿಯನ್ನು ಮಡಚಿ ಹಿಂದಕ್ಕೆ ತಳ್ಳಿದ. ಮುಖ ಕೆಂಪಾಗಿತ್ತು. "ಬೇಡ. ಕಾಸು ತಗೊಳ್ಳಲ್ಲ. ಓಡಿ."

ಅವಳು ಓಡಿದಳು. ಹಡಗು ಹತ್ತಿ ಕಟಾಂಜನದ ಬಳಿ ನಿಂತಾಗಲೇ ಗೊತ್ತಾಗಿದ್ದು: ಅವನ ಫೋನ್ ನಂಬರ್ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

* * *

"ಕೈ ತೋರಿಸು," ಎಂದಳು ರಿಮ್ಮಾ, ಸಂಜೆಯ ಚಹಾಕ್ಕೆ ಕೂತಾಗ. "ಇದೆಲ್ಲಿಂದ ಬಂತು?"

"ಒಬ್ಬರು ಕೊಟ್ಟರು."

"ವಾಚನ್ನ ಕೊಟ್ಟನಾ? ಕಾಸು ತಗೊಂಡ ತಾನೇ? ಒಂದು ಚಿಲ್ಲರೆಯಾದ್ರೂ?"

"ಕೊಡೋಕೆ ಹೋದೆ. ಬೇಡ ಅಂದ."

ರಿಮ್ಮಾ ಚಹಾದ ಲೋಟವನ್ನು ಕೆಳಗಿಟ್ಟಳು. ಉಡುಗೊರೆಯಾಗಿ ಬಂದ ಗಡಿಯಾರ ಅಗಲಿಕೆ ತರುತ್ತದೆ, ಒಂದು ಕಾಸಾದರೂ ಕೊಟ್ಟರೆ ಅದು ಕೊಂಡ ಲೆಕ್ಕವಾಗಿ ದೋಷ ಕಳೆಯುತ್ತದೆ ಎಂಬುದು ತೊಬೋಲ್ಸ್ಕ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಂಬದವರೂ ಕಾಸು ಕೊಡುತ್ತಾರೆ. ನಂಬದವರೂ ತೆಗೆದುಕೊಳ್ಳುತ್ತಾರೆ.

"ಬೇರೆ ಯಾರಾದ್ರೂ ಆಗಿದ್ರೆ ಮರೆತಿರಬಹುದು ಅನ್ನಬಹುದಿತ್ತು," ಎಂದಳು ರಿಮ್ಮಾ. "ಇವನು ವಾಚು ಮಾರೋನು. ದಿನಾ ಇದೇ ಕೆಲಸ ಇವನಿಗೆ. ನೀನು ಕಾಸು ಚಾಚಿದೆ, ಅವನು ದೂಡಿದ. ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗುತ್ತಾ? ಹೋಗಮ್ಮ, ಮತ್ತೆ ಬರಬೇಡ, ಅಂತ."

"ಹಾಗಲ್ಲ ಅತ್ತೆ..."

"ನಿನ್ನ ಮಾವ ನನಗೆ ಹುಟ್ಟುಹಬ್ಬಕ್ಕೆ ವಾಚು ಕೊಟ್ಟ. ಚಿನ್ನದ ನೀರು ಹಾಕಿಸಿದ್ದು. ನಾನೂ ಹೀಗೇ, ಹಾಗಲ್ಲ ಅಂದ್ಕೊಂಡೆ. ವರ್ಷ ತುಂಬೋಕೆ ಮುಂಚೆ ಒಂದು ಸೂಟ್‌ಕೇಸು, ಒಂದು ಟ್ರೈನು, ಮುಗೀತು. ವಾಚು ಮಾತ್ರ ಇವತ್ತಿಗೂ ಸರಿಯಾಗಿ ಓಡುತ್ತೆ. ಹಾಳಾದ್ದು."

ಉಲ್ಯಾನಾ ಮೇಲಿನ ಡೆಕ್ಕಿಗೆ ಹೋದಳು. ಅವನ ಕೆಂಪಾದ ಮುಖ ನೆನಪಾಯಿತು. ಆಗ ಅದು ನಾಚಿಕೆ ಅನ್ನಿಸಿತ್ತು. ಈಗ ಮುಜುಗರ ಅನ್ನಿಸಿತು. ಪ್ರವಾಸಿ ಹುಡುಗಿ, ಮೂರು ಗಂಟೆ, ನಾಲ್ಕು ನಗೆ. ಅವನ ಮೇಜಿನ ಮುಂದೆ ದಿನಕ್ಕೆ ಎಷ್ಟು ಹಡಗಿನವರು ಇಳಿಯುತ್ತಾರೋ! ನಾನೇ ದಡ್ಡಿ.

ಮುಂದಿನ ಊರುಗಳು ಒಂದೊಂದಾಗಿ ಬಂದವು, ಹೋದವು. ಯಾರೊಸ್ಲಾವ್ಲ್‌ನಲ್ಲಿ ಚರ್ಚುಗಳಿದ್ದವು. ಕೊಸ್ತ್ರೊಮಾದಲ್ಲೂ ಚರ್ಚುಗಳಿದ್ದವು. ಉಲ್ಯಾನಾ ಎಲ್ಲವನ್ನೂ ನೋಡಿದಳು, ಏನನ್ನೂ ನೋಡಲಿಲ್ಲ. ಬೆಳಿಗ್ಗೆ ಎದ್ದು ಗಡಿಯಾರಕ್ಕೆ ಕೀ ಕೊಡಬೇಕಿತ್ತು. ಒಂದು ದಿನ ಸಿಟ್ಟಿನಲ್ಲಿ ಕೊಡಲಿಲ್ಲ. ಅದು ನಿಂತುಹೋಯಿತು. ನಿಂತ ಗಡಿಯಾರವನ್ನು ಬಿಚ್ಚಿಡೋಣವೆಂದರೆ ಕೈ ಬರಲಿಲ್ಲ.

ಹಡಗು ನಿಜ್ನಿ ನಗರದವರೆಗೆ ಹೋಗಿ ಹಿಂದಿರುಗಿತು. ಮಾಸ್ಕೋಗೆ ಮರಳುವ ದಾರಿಯಲ್ಲಿ ಉಗ್ಲಿಚ್‌ನಲ್ಲಿ ಇನ್ನೊಂದು ಸಲ, ಸ್ವಲ್ಪ ಹೊತ್ತು ಮಾತ್ರ, ನಿಲ್ಲುತ್ತದೆ. ಆಮೇಲೆ ಮಾಸ್ಕೋ, ಅಲ್ಲಿಂದ ಟ್ರೈನು, ತೊಬೋಲ್ಸ್ಕ್, ಸಾರಂಗಗಳು. ಈ ನಿಲುಗಡೆ ಬಿಟ್ಟರೆ ಕೇಳುವ ಅವಕಾಶ ಇನ್ನಿಲ್ಲ.

"ವಾಪಸ್ ಕೊಟ್ಟು ಬರ್ತೀನಿ," ಎಂದಳು ಉಲ್ಯಾನಾ. "ಅಗಲಿಕೆ ಬೇಕು ಅಂದ್ರೆ ಪೂರ್ತಿ ಆಗಲಿ."

"ಕೊಟ್ಟು ನೇರ ಬಾ. ಮಾತಾಡೋಕೆ ನಿಲ್ಲಬೇಡ," ಎಂದಳು ರಿಮ್ಮಾ. "ಫೋನು?"

"ಚಾರ್ಜಿಗಿಟ್ಟಿದೀನಿ. ಐದು ನಿಮಿಷದ ಕೆಲಸ."

* * *

ಬೇಸಿಗೆಯಲ್ಲಿ ಉಗ್ಲಿಚ್‌ನ ದಕ್ಕೆಗೆ ಜಾಗ ಸಾಲುವುದಿಲ್ಲ. ಹಡಗುಗಳು ಒಂದರ ಪಕ್ಕ ಒಂದು ಒರಗಿ ನಿಲ್ಲುತ್ತವೆ. ಹೊರಗಿನ ಹಡಗಿನವರು ದಡಕ್ಕೆ ಬರಬೇಕಾದರೆ ಒಳಗಿನ ಹಡಗುಗಳ ಹಜಾರಗಳನ್ನು ದಾಟಿಯೇ ಬರಬೇಕು. ಅವತ್ತು ಮೂರು ಹಡಗುಗಳಿದ್ದವು, ಉಲ್ಯಾನಾಳದು ಮೂರನೆಯದು. ಬೇರೆಯವರ ರತ್ನಗಂಬಳಿ, ಬೇರೆಯವರ ಕನ್ನಡಿ, ಬೇರೆಯವರ ಅಡುಗೆ ವಾಸನೆ ದಾಟಿ ಅವಳು ದಡಕ್ಕೆ ಇಳಿದಳು.

ಗ್ಲೇಬ್‌ನ ಮೇಜಿನ ಮೇಲೆ ಬಟ್ಟೆ ಹೊದಿಸಿತ್ತು.

"ಇಲ್ಲ ಅವನು," ಎಂದಳು ಪಕ್ಕದ ಮೇಜಿನವಳು. "ಎಲ್ಲಿಗೆ ಅಂತ ನನಗೆ ಗೊತ್ತಿಲ್ಲ. ಅಂಗಿ ಇಸ್ತ್ರಿ ಮಾಡ್ಕೊಂಡು ಹೋದ. ಅವನು ಅಂಗಿ ಇಸ್ತ್ರಿ ಮಾಡಿದ್ದನ್ನ ನಾನು ಇವತ್ತೇ ನೋಡಿದ್ದು."

ಇಸ್ತ್ರಿ ಅಂಗಿ. ಓಹೋ. ಇನ್ನೊಬ್ಬಳು ಇದ್ದಾಳೆ. ಉಲ್ಯಾನಾ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು ಘಂಟೆಯ ಕಡೆ ನಡೆದಳು. ಅಜ್ಜಿಯ ಕೈಗೆ ಕೊಟ್ಟು ಹೋದರಾಯಿತು.

ಫಾಯಿನಾ ಅವಳನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟಳು.

"ನೀನು ಇಲ್ಲೇನು ಮಾಡ್ತಿದೀಯ ಮಗಳೇ?"

"ಇದನ್ನ ನಿಮ್ಮ ಮೊಮ್ಮಗನಿಗೆ ಕೊಡಿ ಅಜ್ಜಿ. ಅವರ ಉಡುಗೊರೆ ನನಗೆ ಅರ್ಥವಾಯ್ತು ಅಂತ ಹೇಳಿ."

"ಏನು ಅರ್ಥವಾಯ್ತು?"

"ಕಾಸು ತಗೊಳ್ಳಲಿಲ್ಲವಲ್ಲ."

ಫಾಯಿನಾ ಹಣೆಗೆ ಕೈ ಹಚ್ಚಿದಳು. "ಅಯ್ಯೋ ದೇವರೇ. ಹೇಳಿದೆ ಅವನಿಗೆ, ಹೇಳಿದೆ! ಲೇ, ಅವಳು ಸೈಬೀರಿಯಾದವಳು, ಅವರ ಮನೇಲಿ ಬೇರೆ ಲೆಕ್ಕ ಇರುತ್ತೆ, ಕಾಸು ಯಾಕೋ ತಗೊಳ್ಳಲಿಲ್ಲ ಮೂರ್ಖ ಅಂತ ಬೈದೆ. ಅವತ್ತಿಂದ ಅವನು ಸರಿಯಾಗಿ ಉಂಡಿಲ್ಲ. ಅಂದ್ರೆ ಉಣ್ತಾನೆ, ಎರಡೇ ಬಟ್ಟಲು."

"ಅವರ ಲೆಕ್ಕ ಏನು ಹಾಗಾದ್ರೆ?"

"ಅದನ್ನ ಅವನ ಬಾಯಿಂದಲೇ ಕೇಳು. ನಮ್ಮ ಯಜಮಾನ್ರು ನನಗೆ ವಾಚು ಕೊಟ್ಟಾಗಲೂ ನಾನು ಕಾಸು ಕೊಡಲಿಲ್ಲ. ನಲವತ್ತಾರು ವರ್ಷ ಬಾಳಿದ್ವಿ. ಈಗ ಓಡು."

"ಎಲ್ಲಿಗೆ?"

"ಅವನು ನಿನ್ನ ಹಡಗಿಗೇ ಹೋಗಿದಾನಲ್ಲಮ್ಮ! ಕಾಸು ಕೇಳೋಕೆ!"

* * *

ಹಡಗಿನಲ್ಲಿ ನಡೆದದ್ದು ಇಷ್ಟು.

ಗ್ಲೇಬ್ ಇಳಿಯುವವರ ಗುಂಪಿನಲ್ಲಿ ಉಲ್ಯಾನಾಳನ್ನು ಕಾಣದೆ ಮೂರು ಹಜಾರ ದಾಟಿ, ಎಲ್ಲರನ್ನೂ ಕೇಳಿ ಕೇಳಿ, ಕೊನೆಗೆ ಉಲ್ಯಾನಾಳ ಕೋಣೆಯ ಬಾಗಿಲು ತಟ್ಟಿದ. ತೆರೆದವಳು ರಿಮ್ಮಾ.

"ವಾಚಿನವನಾ?"

"ಹೌದು. ಉಲ್ಯಾನಾ ಇದಾರಾ?"

"ಬರ್ತಾಳೆ. ಒಳಗೆ ಬಾ, ಕೂತ್ಕೋ. ಕುಡೀತೀಯಾ?"

"ಇಲ್ಲ."

"ಚಹಾ ಕುಡೀತೀಯಾ ಅಂತ ಕೇಳಿದ್ದು."

"ಅದು ಕುಡೀತೀನಿ."

ರಿಮ್ಮಾ ಅವನ ಮುಂದೆ ಚಹಾ ಇಟ್ಟಳು, ಚೀಸ್ ಕೊಯ್ದಿಟ್ಟಳು, ಆಮೇಲೆ ಅವನನ್ನು ಕೊಯ್ಯಲು ಕೂತಳು. ಮನೆ ಸ್ವಂತದ್ದಾ? ಅಪ್ಪ ಅಮ್ಮ ಎಲ್ಲಿ? ಹಿಂದೆ ಮದುವೆ ಆಗಿತ್ತಾ? ಹಲ್ಲು ಎಲ್ಲ ನಿಂದೇನಾ? ಗ್ಲೇಬ್ ಒಂದೊಂದಕ್ಕೂ ಉತ್ತರ ಕೊಟ್ಟ. ಹೊರಗೆ ಧ್ವನಿವರ್ಧಕದಲ್ಲಿ ಹಡಗು ಹೊರಡುವಾಗಿನ ಮೆರವಣಿಗೆಯ ಸಂಗೀತ ಶುರುವಾಯಿತು. ಉಗ್ಲಿಚ್‌ನಲ್ಲಿ ಹುಟ್ಟಿ ಬೆಳೆದವನಿಗೆ ಆ ಸಂಗೀತ ಕಾಗೆ ಕೂಗಿದ ಹಾಗೆ. ಮೂರು ಹಡಗಿದ್ದರೆ ಮೂರು ಸಲ ಬರುತ್ತದೆ, ಯಾವುದು ಯಾರದೆಂದು ಯಾರೂ ಗಮನಿಸುವುದಿಲ್ಲ. ಪಕ್ಕದ್ದು ಹೊರಟಿತು ಎಂದುಕೊಂಡ. ಪ್ರಶ್ನೆ ಕೇಳುವ ಭರದಲ್ಲಿ ರಿಮ್ಮಾಳ ಕಿವಿಗೂ ಅದು ಬೀಳಲಿಲ್ಲ.

"ಈಗ ಮುಖ್ಯವಾದದ್ದು ಹೇಳು," ಎಂದಳು ರಿಮ್ಮಾ. "ಕಾಸು ಯಾಕೆ ತಗೊಳ್ಳಲಿಲ್ಲ?"

ಅವನು ಹೇಳಿದ. ರಿಮ್ಮಾ ಇನ್ನೊಂದು ದಪ್ಪನೆಯ ಚೀಸ್ ತುಂಡು ಕೊಯ್ದು ಅವನ ತಟ್ಟೆಗೆ ಹಾಕಿದಳು.

ಆಗ ಕಿಟಕಿಯಾಚೆ ಪಕ್ಕದ ಹಡಗಿನ ಗೋಡೆ ನಿಧಾನವಾಗಿ ಸರಿಯಿತು. ಅದು ಸರಿದು ಹೋಗಿ, ಬರೀ ನೀರು ಕಂಡಿತು.

ಉಲ್ಯಾನಾ ಮೊದಲ ಹಡಗಿನ ಹಜಾರ ದಾಟಿದಳು. ಎರಡನೆಯದನ್ನೂ ದಾಟಿದಳು. ಮೂರನೆಯದಕ್ಕೆ ಹೆಜ್ಜೆ ಇಡಬೇಕಾದ ಕಡೆ ಸರಪಳಿ ಕಟ್ಟಿತ್ತು, ಅದರಾಚೆ ವೋಲ್ಗಾ ಹರಿಯುತ್ತಿತ್ತು. ಅವಳ ಹಡಗು ಮೂತಿ ತಿರುಗಿಸಿ ಹೊರಟಿತ್ತು. ಡೆಕ್ಕಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ಚೀಸ್ ಹಿಡಿದು ಗ್ಲೇಬ್ ನಿಂತಿದ್ದ. ಪಕ್ಕದಲ್ಲಿ ಅತ್ತೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಊರಿನವನು ಹಡಗಿನಲ್ಲಿದ್ದ. ಹಡಗಿನವಳು ಊರಿನಲ್ಲಿದ್ದಳು.

ಅವನು ಏನೋ ಕೂಗಿದ. ಸಂಗೀತದಲ್ಲಿ ಕೇಳಿಸಲಿಲ್ಲ.

* * *

"ಅಳೋಕೆ ಸಮಯ ಇಲ್ಲ," ದಡದಲ್ಲಿ ಕಾಯುತ್ತಿದ್ದ ಫಾಯಿನಾ ಹೇಳಿದಳು. "ಮಾಸ್ಕೋ ಕಡೆ ಹೋಗೋ ಹಡಗು ಅಣೆಕಟ್ಟು ದಾಟಬೇಕು. ಅದನ್ನ ಎತ್ತಿ ಆಚೆ ಬಿಡೋಕೆ ಹೊತ್ತಾಗುತ್ತೆ. ಹತ್ತು ಕಾರು."

"ಯಾರ ಕಾರು?"

"ನಂದು. ಅಂದ್ರೆ ನಮ್ಮ ಯಜಮಾನ್ರದ್ದು. ಅವರಿಗೆ ಇನ್ನು ಬೇಕಾಗಲ್ಲ."

ಹಳೆಯ ಮಾಸ್ಕ್ವಿಚ್ ಕಾರು ಕೆಮ್ಮಿ, ಸೀನಿ, ಹೊರಟಿತು. ಫಾಯಿನಾ ಎರಡೂ ಕೈಯಲ್ಲಿ ಸ್ಟಿಯರಿಂಗ್ ಅಪ್ಪಿಕೊಂಡು ರಸ್ತೆಯ ಮಧ್ಯದಲ್ಲೇ ಓಡಿಸಿದಳು. ಎದುರಿಗೆ ಬಂದ ಲಾರಿಯೇ ಪಕ್ಕಕ್ಕೆ ಸರಿಯಿತು.

"ಅಜ್ಜಿ, ಘಂಟೆಯ ಹತ್ತಿರ ಯಾರಿದಾರೆ ಈಗ?"

"ಯಾರೂ ಇಲ್ಲ. ಒಂದ್ಸಲ ಊರು ಬಿಟ್ಟು ಬಂದಿದೆ ಅದು, ಮತ್ತೆ ಓಡಿಹೋಗಲ್ಲ."

ಉಲ್ಯಾನಾಗೆ ನಗುವೂ ಬಂತು, ಅಳುವೂ ಬಂತು. ಕೈಯಲ್ಲಿ ನಿಂತ ಗಡಿಯಾರ. ಕಾಸು ಕೇಳೋಕೆ ಬಂದನಂತೆ. ಹಾಗಾದ್ರೆ ಮೊದಲು ಯಾಕೆ ಬೇಡ ಅಂದ?

ಅಣೆಕಟ್ಟಿನ ಪಕ್ಕದಲ್ಲಿ, ಹಡಗುಗಳನ್ನು ಮೇಲೆತ್ತುವ ಕಾಂಕ್ರೀಟಿನ ದೊಡ್ಡ ತೊಟ್ಟಿ. ಹಡಗು ಆಗಲೇ ಒಳಗೆ ಬಂದು ನಿಂತಿತ್ತು. ಹಿಂದಿನ ಬಾಗಿಲು ಮುಚ್ಚಿತ್ತು. ತೊಟ್ಟಿಯ ದಂಡೆಗೆ ಕಬ್ಬಿಣದ ಬೇಲಿ, ಬೇಲಿಯ ಬಳಿ ಸಮವಸ್ತ್ರದ ಕಾವಲುಗಾರ್ತಿ, ಕೊರಳಲ್ಲಿ ಸೀಟಿ.

"ನಿಲ್ಲಿ ಅಲ್ಲೇ. ಮುಂದೆ ಬರೋ ಹಾಗಿಲ್ಲ."

"ಪ್ರೀತಿ ವಿಷಯ ಕಣಮ್ಮ," ಎಂದಳು ಫಾಯಿನಾ.

"ಪ್ರೀತಿಯಾದ್ರೂ ಬೇಲಿಯಿಂದ ಈಚೆ," ಎಂದಳು ಕಾವಲುಗಾರ್ತಿ. ಆದರೆ ಎತ್ತಿದ ಸೀಟಿಯನ್ನು ಕೆಳಗೆ ಬಿಟ್ಟಳು.

ಉಲ್ಯಾನಾ ಬೇಲಿಗೆ ಒರಗಿ ಕೆಳಗೆ ನೋಡಿದಳು. ಆಳದಲ್ಲಿ, ಒದ್ದೆ ಗೋಡೆಗೆ ಅಂಟಿಕೊಂಡಂತೆ ಹಡಗು. ಡೆಕ್ಕಿನ ಮೇಲೆ ಬಿಳಿ ಅಂಗಿ. ಮುಖ ಮೇಲೆತ್ತಿ ನಿಂತಿದ್ದ.

"ನೀವು ನನ್ನ ಹಡಗಲ್ಲಿ ಏನು ಮಾಡ್ತಿದೀರಿ?" ಅವಳು ಕೂಗಿದಳು.

"ನಿಮ್ಮ ಅತ್ತೆ ಚೀಸ್ ಕೊಟ್ರು!"

"ಕಾಸು ಯಾಕೆ ಬೇಡ ಅಂದ್ರಿ ಅವತ್ತು?"

ಸುತ್ತಲಿನ ಪ್ರಯಾಣಿಕರೆಲ್ಲ ಮಾತು ನಿಲ್ಲಿಸಿದರು. ತೊಟ್ಟಿಗೆ ನೀರು ನುಗ್ಗತೊಡಗಿತ್ತು. ಹಡಗು ಸದ್ದಿಲ್ಲದೆ ಮೇಲೇಳುತ್ತಿತ್ತು.

"ನಾನು ದಿನವಿಡೀ ವಾಚು ಮಾರ್ತೀನಿ," ಎಂದ ಗ್ಲೇಬ್. "ಕಾಸು ತಗೊಂಡೆ ಅಂದ್ರೆ ವ್ಯಾಪಾರ ಮುಗೀತು. ಕೊಂಡವರು ಹಡಗು ಹತ್ತಿ ಹೋಗ್ತಾರೆ, ನಾನು ಅವರ ಮುಖ ಮರೀತೀನಿ. ನಿಮ್ಮ ಹತ್ರ ವ್ಯಾಪಾರ ಮುಗಿಸೋಕೆ ನನಗೆ ಇಷ್ಟ ಇರಲಿಲ್ಲ."

ಉಲ್ಯಾನಾ ಬೇಲಿಯ ಮೇಲೆ ಇನ್ನಷ್ಟು ಬಾಗಿದಳು.

"ನಮ್ಮ ಮನೇಲಿ ಲೆಕ್ಕ ಬೇರೆ," ಅವನು ಮುಂದುವರಿಸಿದ. ಈಗ ಕೂಗುವ ಅಗತ್ಯ ಕಡಿಮೆಯಾಗಿತ್ತು, ಅವನ ಮುಖ ಹತ್ತಿರವಾಗಿತ್ತು. "ವಾಚು ಕೊಟ್ಟವನೇ ಅದನ್ನ ವರ್ಷಾ ವರ್ಷಾ ಬಿಚ್ಚಿ ತೊಳೀಬೇಕು. ಕಾಸು ತಗೊಂಡ್ರೆ ಅವನ ಋಣ ಹರಿದುಹೋಗುತ್ತೆ. ತಗೊಳ್ಳದೇ ಇದ್ರೆ ಸಾಯೋತನಕ ಅವನದೇ ಕೆಲಸ. ತಾತ ಹಾಗೆ ಹೇಳ್ತಿದ್ದ. ಎಲ್ಲರ ಮನೇಲೂ ಹಾಗೇ ಅಂದ್ಕೊಂಡಿದ್ದೆ."

"ಎಲ್ಲರ ಮನೇಲೂ ಹಾಗಿಲ್ಲ," ಎಂದಳು ಅವಳು. "ನಮ್ಮನೇಲಿ ಅದು, ಹೋಗು ಅಂದ ಹಾಗೆ."

"ಅಜ್ಜಿ ಬೈದ ಮೇಲೆ ಗೊತ್ತಾಯ್ತು. ಎಲ್ಲಿದೆ ಅದು? ಎಸೆದುಬಿಟ್ರಾ?"

ಅವಳು ಅಂಗೈ ತೆರೆದು ತೋರಿಸಿದಳು.

"ನಿಂತಿದೆಯಲ್ಲ," ಎಂದ ಅವನು, ಅಷ್ಟು ದೂರದಿಂದಲೇ.

"ಕೀ ಕೊಡಲಿಲ್ಲ. ಸಿಟ್ಟು ಬಂದಿತ್ತು."

"ನನ್ನ ಮೇಲಿನ ಸಿಟ್ಟಿಗೆ ವಾಚನ್ನ ಉಪವಾಸ ಕೆಡವಿದ್ರಾ?"

"ನೀನು ಮಾತ್ರ ಎರಡು ಬಟ್ಟಲು ಉಂಡೆಯಂತೆ!"

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ನೀನು ಎಂದುಬಿಟ್ಟಿದ್ದಳು. ಗ್ಲೇಬ್‌ನ ಮುಖ ಮತ್ತೆ ಕೆಂಪಾಯಿತು. ಅದು ಮುಜುಗರವಾಗಿರಲಿಲ್ಲ, ಅವತ್ತೂ ಆಗಿರಲಿಲ್ಲ.

"ಸಾಕು ಮಾತು!" ಡೆಕ್ಕಿನಿಂದ ರಿಮ್ಮಾ ಗುಡುಗಿದಳು. "ಲೆಕ್ಕ ಅವರದ್ದಿರಲಿ, ನಮ್ಮದೂ ಇರಲಿ. ಉಲ್ಯಾ, ಕಾಸು ಕೊಡು ಅವನಿಗೆ. ನಾನು ಒಂದು ಸಲ ಸುಟ್ಟುಕೊಂಡಿದೀನಿ, ಎರಡನೇ ಸಲ ನೋಡಲಾರೆ!"

ಪರ್ಸಿನಲ್ಲಿ ಅದೇ ನಾಣ್ಯವಿತ್ತು, ಅವನು ತಳ್ಳಿದ್ದು. ಉಲ್ಯಾನಾ ಬೇಲಿಯ ಮೇಲಿಂದ ಎಸೆದಳು. ಗ್ಲೇಬ್ ಎರಡೂ ಕೈ ಚಾಚಿದ. ನಾಣ್ಯ ಅವನ ಬೆರಳ ತುದಿಗೆ ತಗುಲಿತು, ಕಟಾಂಜನಕ್ಕೆ ಬಡಿಯಿತು, ಗೋಡೆಗೂ ಹಡಗಿಗೂ ನಡುವಿನ ಸಂದಿಯಲ್ಲಿ ಬಿದ್ದು ನೀರು ಸೇರಿತು.

ಹಡಗಿಗೆ ಹಡಗೇ ಉಸಿರೆಳೆಯಿತು.

"ಹೋಯ್ತು," ರಿಮ್ಮಾ ಕಟಾಂಜನಕ್ಕೆ ಒರಗಿದಳು. "ಹೋಯ್ತು, ಮುಗೀತು."

"ಏನು ಮುಗೀತು?" ಕಾವಲುಗಾರ್ತಿ ಬೇಲಿಯ ಬಳಿ ಬಂದಳು. ಅಷ್ಟು ಹೊತ್ತು ಕೇಳಿಸಿಕೊಂಡು ಸುಮ್ಮನಿರಲು ಅವಳಿಂದ ಆಗಿರಲಿಲ್ಲ. "ನೀರಿಗೆ ಕಾಸು ಹಾಕಿದವರು ಆ ಊರಿಗೆ ಮತ್ತೆ ಬರಲೇಬೇಕು. ಅದೂ ಗೊತ್ತಿಲ್ವಾ ನಿಮಗೆ?"

"ಅದು ಬೇರೆ ಲೆಕ್ಕ! ವಾಚಿನ ಲೆಕ್ಕಕ್ಕೆ ಬರಲ್ಲ!" ಎಂದಳು ರಿಮ್ಮಾ.

"ಬರುತ್ತೆ!" ಎಂದಳು ಫಾಯಿನಾ ದಂಡೆಯಿಂದ.

"ಬರಲ್ಲ!"

"ಎಲ್ಲಿ ಬಿದ್ದಿತು ಆ ಕಾಸು?" ಗ್ಲೇಬ್ ಇಬ್ಬರ ನಡುವೆ ಮಾತು ತೂರಿಸಿದ. "ಈ ನೀರಿಗೆ ತಾನೇ? ಈ ನೀರೇ ನನ್ನನ್ನ ಎತ್ತಿ ಇವಳ ಮುಂದೆ ತರ್ತಿದೆ. ನನಗೆ ಮುಟ್ಟಿದ ಹಾಗೇ ಲೆಕ್ಕ."

ರಿಮ್ಮಾ ಬೆರಳು ಮಡಚಿ ಲೆಕ್ಕ ಹಾಕಿದಳು. ಸರಿ ಎಂದು ತಲೆಯಾಡಿಸಿದಳು.

ಹಡಗು ಇನ್ನಷ್ಟು ಏರಿತು. ಈಗ ಗ್ಲೇಬ್ ಮತ್ತು ಉಲ್ಯಾನಾ ಎದುರುಬದುರು ನಿಂತಿದ್ದರು, ಕಣ್ಣಿಗೆ ಕಣ್ಣು ಸಮನಾಗಿ. ನಡುವೆ ಒಂದು ಬೇಲಿ, ಒಂದು ಸಂದಿ, ಒಬ್ಬ ಕಾವಲುಗಾರ್ತಿ. ಕೈ ಚಾಚಿದರೂ ನಿಲುಕದಷ್ಟು ದೂರ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರ.

"ಇಲ್ಲಿ ಇಳಿಯೋ ಹಾಗಿಲ್ಲ," ಎಂದ ಅವನು.

"ಹತ್ತೋ ಹಾಗೂ ಇಲ್ಲ," ಎಂದಳು ಅವಳು.

"ಇವತ್ತು ಸಂಜೆ ಮಾಸ್ಕೋ ಬಸ್ಸಿದೆ. ಅಜ್ಜಿ ಹತ್ತಿಸ್ತಾಳೆ. ನಾಳೆ ಬೆಳಿಗ್ಗೆ ದಕ್ಕೆಯಲ್ಲಿ ನಿನ್ನ ಸೂಟ್‌ಕೇಸು, ನಿನ್ನ ಅತ್ತೆ, ನಾನು, ಮೂರೂ ಇಳೀತೀವಿ."

"ಆಮೇಲೆ?"

"ಆಮೇಲೆ ನನ್ನನ್ನ ತೊಬೋಲ್ಸ್ಕ್‌ಗೆ ಗಡಿಪಾರು ಮಾಡು. ಅಲ್ಲೂ ಜನರ ವಾಚು ಕೆಡುತ್ತೆ ತಾನೇ?"

"ತುಂಬಾ. ಚಳಿಗೆ ನಿಂತೇ ಹೋಗುತ್ತೆ." ಅವಳು ಕಣ್ಣೊರೆಸಿಕೊಂಡಳು. "ಅಜ್ಜಿ ಒಬ್ಬಳೇ ಆಗ್ತಾಳಲ್ಲ?"

"ನಾನಾ?" ಫಾಯಿನಾ ಹಿಂದಿನಿಂದ ಹೇಳಿದಳು. "ನನಗೆ ಕಾರಿದೆ. ಸೈಬೀರಿಯಾ ಎಷ್ಟು ದೂರ?"

ಮುಂದಿನ ಬಾಗಿಲು ತೆರೆಯತೊಡಗಿತು. ಹಡಗು ಮೆಲ್ಲನೆ ಮುಂದಕ್ಕೆ ಸರಿಯಿತು. ಗ್ಲೇಬ್ ಡೆಕ್ಕಿನ ಮೇಲೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಅವಳ ಎದುರಿಗೇ ಉಳಿಯಲು ನೋಡಿದ. ಉಲ್ಯಾನಾ ಬೇಲಿ ಹಿಡಿದು ಮುಂದಕ್ಕೆ ನಡೆದಳು. ಕಾವಲುಗಾರ್ತಿ ಬೇರೆ ಕಡೆ ನೋಡಿದಳು.

"ವಾಚಿಗೆ ಕೀ ಕೊಡು," ಅವನು ಕೂಗಿದ. "ಈಗ ಐದು ಗಂಟೆ ಇಪ್ಪತ್ತು ನಿಮಿಷ!"

ಅವಳು ಕೀ ಕೊಟ್ಟಳು. ಮುಳ್ಳು ತಿರುಗಿಸಿದಳು. ಕಿವಿಗೆ ಹಿಡಿದಳು. "ಓಡ್ತಿದೆ!"

"ಗಡಿಪಾರು ಅಂದ್ರೆ ಎಷ್ಟು ವರ್ಷ ಇಟ್ಕೋತೀರಿ ನಿಮ್ಮೂರಲ್ಲಿ?"

"ಹಿಂದಿನವನು ಮುನ್ನೂರು ವರ್ಷ ಇದ್ದ!"

"ಕಿವಿ ಕೊಯ್ತೀರಾ?"

ಅವಳು ಉತ್ತರ ಕೊಡುವ ಮೊದಲೇ ರಿಮ್ಮಾ ಅವನ ಕಿವಿ ಹಿಡಿದು ಕಟಾಂಜನದಿಂದ ಹಿಂದಕ್ಕೆಳೆದಳು. "ನೀರಿಗೆ ಬೀಳ್ತೀಯ ಅಳಿಯಾ. ಒಳಗೆ ನಡಿ, ಚಹಾ ಆರ್ತಿದೆ."

"ಉಲ್ಯಾ!" ಕಿವಿ ಬಿಡಿಸಿಕೊಳ್ಳದೆಯೇ ಅವನು ಕೂಗಿದ. "ಸೂರು ಕೊಡ್ತೀಯಾ?"

"ಕೊಡ್ತೀನಿ," ಎಂದಳು ಉಲ್ಯಾನಾ. "ಸಾರೂ ಕೊಡ್ತೀನಿ. ಎರಡು ಬಟ್ಟಲು."